ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಹೃದಯ ಮತ್ತು ಥೈರಾಯ್ಡ್ ತೊಂದರೆಗಳು

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಥೈರಾಯ್ಡ್ ಗ್ರಂಥಿಯ ತೊಂದರೆ ಕೆಲವರಲ್ಲಿ ಹುಟ್ಟುವಾಗಲೇ ಇದ್ದರೆ, ಇನ್ನು ಹಲವರಲ್ಲಿ ಬೆಳೆಯುತ್ತ ಬೆಳೆಯುತ್ತ ತಲೆದೋರುತ್ತದೆ. ಎರಡಕ್ಕೂ ಇಂದು ಒಳ್ಳೆಯ ಚಿಕಿತ್ಸೆ ಇದೆ. ಹೃದಯದ ದೋಷವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು, ಥೈರಾಯ್ಡ್ ಕೊರತೆಯನ್ನು ದಿನಕ್ಕೊಂದು ಸಣ್ಣ ಮಾತ್ರೆಯಿಂದ ತುಂಬಬಹುದು. ಆದರೂ ಮಕ್ಕಳು ಚಿಕಿತ್ಸೆಯಿಂದ ವಂಚಿತರಾಗುವುದು ನಿಂತಿಲ್ಲ. ಮಗು ಹಾಲು ಸರಿಯಾಗಿ ಕುಡಿಯುತ್ತಿಲ್ಲ, ತೂಕ ಏರುತ್ತಿಲ್ಲ, ಸದಾ ಮಂಪರಿನಲ್ಲಿರುತ್ತದೆ, ಮಲಬದ್ಧತೆ ಇದೆ ಎಂದರೆ ‘ಇಂಥ ಮಕ್ಕಳು ಇರುವುದೇ ಹಾಗೆ’ ಎಂಬ ಉತ್ತರ ಮನೆಯಲ್ಲೂ ಸಿಗುತ್ತದೆ, ಕೆಲವೊಮ್ಮೆ ಆಸ್ಪತ್ರೆಯಲ್ಲೂ ಸಿಗುತ್ತದೆ. ಹೃದ್ರೋಗದ ಲಕ್ಷಣಗಳೂ ಥೈರಾಯ್ಡ್ ಕೊರತೆಯ ಲಕ್ಷಣಗಳೂ ಡೌನ್ ಸಿಂಡ್ರೋಮ್ ಎಂಬ ಹೆಸರಿನ ಹಿಂದೆ ಮರೆಯಾಗುವುದರಿಂದ, ಲಕ್ಷಣ ಕಾಣಲಿ ಎಂದು ಕಾಯದೆ ವಯಸ್ಸಿಗೆ ತಕ್ಕಂತೆ ನಿಗದಿಯಾದ ಪರೀಕ್ಷೆಗಳನ್ನು ತಪ್ಪದೆ ಮಾಡಿಸುವುದೇ ಇಲ್ಲಿ ಮುಖ್ಯ.

ಹಿನ್ನೆಲೆ

ಇಂಗ್ಲೆಂಡಿನ ಸರ್ರೆಯಲ್ಲಿದ್ದ ಅರ್ಲ್ಸ್‌ವುಡ್ ಆಶ್ರಮದ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ 1866ರಲ್ಲಿ ಈ ಮಕ್ಕಳ ಸಮಾನ ಲಕ್ಷಣಗಳನ್ನು ವಿವರಿಸಿ ಬರೆದರು. ಕಾರಣ ತಿಳಿಯಲು ಇನ್ನೂ ತೊಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಪ್ಯಾರಿಸ್‌ನಲ್ಲಿ ಮಾರ್ತ್ ಗೋತಿಯೇ ಜೀವಕೋಶಗಳನ್ನು ಬೆಳೆಸುವ ವಿಧಾನವನ್ನು ಪ್ರಯೋಗಾಲಯದಲ್ಲಿ ಅಳವಡಿಸಿದ್ದರು. ಅದರ ಆಧಾರದ ಮೇಲೆ ಝೆರೋಮ್ ಲೆಝೂನ್, ಗೋತಿಯೇ ಮತ್ತು ರೇಮೋನ್ ತುರ್ಪ್ಯಾಂ 1959ರಲ್ಲಿ ಈ ಮಕ್ಕಳ ಜೀವಕೋಶಗಳಲ್ಲಿ 46ರ ಬದಲು 47 ವರ್ಣತಂತುಗಳಿವೆ ಎಂದು ಪ್ರಕಟಿಸಿದರು. ಹೆಚ್ಚಿಗೆ ಇರುವುದು 21ನೆಯ ವರ್ಣತಂತುವಿನ ಮೂರನೆಯ ಪ್ರತಿ. ಸುಮಾರು 95 ಶೇಕಡಾ ಮಕ್ಕಳಲ್ಲಿ ಅದು ಬಿಡಿಯಾಗಿಯೇ ಇರುತ್ತದೆ. ಕೆಲವರಲ್ಲಿ ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿರುತ್ತದೆ, ಇನ್ನು ಕೆಲವರಲ್ಲಿ ಒಂದಷ್ಟು ಜೀವಕೋಶಗಳಲ್ಲಿ ಮಾತ್ರ ಇರುತ್ತದೆ. ಒಟ್ಟಾರೆ ಸುಮಾರು 700ರಿಂದ 1,000 ಜನನಗಳಿಗೆ ಒಂದು ಮಗು ಹೀಗೆ ಹುಟ್ಟುತ್ತದೆ.

ಹೃದಯದ ನಂಟು ವೈದ್ಯರ ಕಣ್ಣಿಗೆ ಬೇಗನೆ ಬಿತ್ತು. ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್ 1894ರಲ್ಲಿಯೇ ಈ ಮಕ್ಕಳಲ್ಲಿ ಹೃದಯದ ಜನ್ಮಜಾತ ದೋಷಗಳು ಹೆಚ್ಚು ಎಂದು ಬರೆದಿದ್ದರು. ಥೈರಾಯ್ಡ್‌ನ ಕಥೆ ಅಷ್ಟು ನೇರವಾಗಿಲ್ಲ. ಡೌನ್ ಅವರಿಗೂ ಮೊದಲು ಫ್ರಾನ್ಸಿನ ಎದುವಾರ್ ಸೆಗ್ಯಾಂ ಈ ಸ್ಥಿತಿಯನ್ನು ಕ್ರೆಟಿನಿಸಂನ, ಅಂದರೆ ತೀವ್ರ ಥೈರಾಯ್ಡ್ ಕೊರತೆಯಿಂದ ಕುಂಠಿತವಾಗುವ ಸ್ಥಿತಿಯ, ಒಂದು ಬಗೆಯೆಂದೇ ತಿಳಿದಿದ್ದರು. 1891ರಲ್ಲಿ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರ ಕೊಟ್ಟು ಕೊರತೆಯ ರೋಗಿಯೊಬ್ಬರನ್ನು ಗುಣಪಡಿಸಿದ ಮೇಲೆ ಡೌನ್ ಸಿಂಡ್ರೋಮ್ ಮಕ್ಕಳಿಗೂ ಅದೇ ಸಾರ ಕೊಟ್ಟು ನೋಡುವ ಉತ್ಸಾಹ ಹುಟ್ಟಿತು. 1896ರಲ್ಲಿ ಟೆಲ್ಫರ್ಡ್ ಸ್ಮಿತ್ ಅಂಥ ಚಿಕಿತ್ಸೆಯ ವರದಿ ಬರೆದರು. ಎಲ್ಲ ಮಕ್ಕಳಿಗೂ ಥೈರಾಯ್ಡ್ ಮದ್ದು ಕೊಟ್ಟರೆ ಬುದ್ಧಿ ಚುರುಕಾಗಬಹುದೇ ಎಂಬ ಆಸೆ ನೂರು ವರ್ಷ ಕಳೆದ ಮೇಲೂ ಆರಲಿಲ್ಲ.

ಹೃದಯದಲ್ಲಿ ಆಗುವುದೇನು?

ಗರ್ಭದ ನಾಲ್ಕನೆಯ ವಾರದಿಂದ ಎಂಟನೆಯ ವಾರದೊಳಗೆ ಒಂದೇ ಕೊಳವೆಯಂತಿದ್ದ ಹೃದಯದೊಳಗೆ ಗೋಡೆಗಳು ಬೆಳೆದು ನಾಲ್ಕು ಕೋಣೆಗಳಾಗುತ್ತವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಈ ನಾಲ್ಕೂ ಕೂಡುವ ನಟ್ಟನಡುವಿನಲ್ಲಿ ಮೆತ್ತೆಯಂಥ ಅಂಗಾಂಶಗಳು ಬೆಳೆದು, ಒಂದಕ್ಕೊಂದು ಬೆಸೆದು, ಗೋಡೆಯ ಮಧ್ಯಭಾಗವನ್ನೂ ಎರಡು ಕವಾಟಗಳನ್ನೂ ರೂಪಿಸುತ್ತವೆ. ಡೌನ್ ಸಿಂಡ್ರೋಮ್‌ನಲ್ಲಿ ಹೆಚ್ಚಾಗಿ ಎಡವಟ್ಟಾಗುವುದು ಈ ಬೆಸುಗೆಯಲ್ಲಿಯೇ. ಬೆಸುಗೆ ಪೂರ್ತಿ ತಪ್ಪಿದರೆ ಮೇಲೂ ಕೆಳಗೂ ರಂಧ್ರ ಉಳಿಯುತ್ತದೆ. ಎಡಕ್ಕೊಂದು ಬಲಕ್ಕೊಂದು ಇರಬೇಕಾದ ಕವಾಟಗಳ ಬದಲು ಐದು ಎಸಳುಗಳ ಒಂದೇ ದೊಡ್ಡ ಕವಾಟ ನಡುವೆ ತೆರೆದು ಮುಚ್ಚುತ್ತಿರುತ್ತದೆ. ಇದಕ್ಕೆ ವೈದ್ಯರು ಎವಿಎಸ್‌ಡಿ ಎನ್ನುತ್ತಾರೆ. ಉಳಿದ ಮಕ್ಕಳಲ್ಲಿ ಅಪರೂಪವಾದ ಈ ದೋಷ, ಡೌನ್ ಸಿಂಡ್ರೋಮ್ ಮಕ್ಕಳ ಹೃದಯದ ದೋಷಗಳಲ್ಲಿ ಸುಮಾರು 40 ಶೇಕಡಾದಷ್ಟಿದೆ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು.

ಕೆಳಗಿನ ಕೋಣೆಗಳ ನಡುವೆ ಮಾತ್ರ ರಂಧ್ರವಿದ್ದರೆ ವಿಎಸ್‌ಡಿ, ಮೇಲಿನವುಗಳ ನಡುವೆ ಮಾತ್ರ ಇದ್ದರೆ ಎಎಸ್‌ಡಿ. ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳಬೇಕಾದ ರಕ್ತನಾಳ ತೆರೆದೇ ಉಳಿದರೆ ಪಿಡಿಎ. ಮೈ ನೀಲಿಗಟ್ಟುವ ಫ್ಯಾಲೊ ಚತುರ್ದೋಷವೂ ಕೆಲವರಲ್ಲಿ ಇರುತ್ತದೆ. ಏಷ್ಯಾದ ಹಲವು ಅಧ್ಯಯನಗಳಲ್ಲಿ ಎವಿಎಸ್‌ಡಿಗಿಂತ ವಿಎಸ್‌ಡಿಯೇ ಹೆಚ್ಚಾಗಿ ಕಂಡುಬಂದಿದೆ. ಒಂದೇ ವರ್ಣತಂತು ಹೆಚ್ಚಿಗೆ ಇದ್ದರೂ ಅರ್ಧದಷ್ಟು ಮಕ್ಕಳ ಹೃದಯ ಸರಿಯಾಗಿಯೇ ರೂಪುಗೊಳ್ಳುತ್ತದೆ. ಹಾಗಾಗಿ ಹೆಚ್ಚುವರಿ ಪ್ರತಿಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. 21ನೆಯ ವರ್ಣತಂತುವಿನ ಡಿವೈಆರ್‌ಕೆ1ಎ ಎಂಬ ಜೀನ್‌ನ ಮೂರನೆಯ ಪ್ರತಿ ಇಲಿಗಳಲ್ಲಿ ಹೃದಯದ ದೋಷಕ್ಕೆ ಕಾರಣಗಳಲ್ಲೊಂದು ಎಂದು ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ತಂಡ 2024ರಲ್ಲಿ ತೋರಿಸಿತು.

ಸದ್ದಿಲ್ಲದ ಮೊದಲ ವಾರಗಳು

ಹೃದಯದಲ್ಲಿ ದೊಡ್ಡ ರಂಧ್ರ ಇದ್ದರೆ ಸ್ಟೆತಾಸ್ಕೋಪ್‌ನಲ್ಲಿ ಸದ್ದು ಕೇಳಿಸಬೇಕು ಎಂಬುದು ಸಾಮಾನ್ಯ ನಂಬಿಕೆ. ಈ ಮಕ್ಕಳಲ್ಲಿ ಅದು ಕೈಕೊಡುತ್ತದೆ. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಹೆಚ್ಚಿರುತ್ತದೆ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಆ ಒತ್ತಡ ಇನ್ನೂ ನಿಧಾನವಾಗಿ ಇಳಿಯುತ್ತದೆ. ರಂಧ್ರದ ಎರಡೂ ಬದಿಗಳಲ್ಲಿ ಒತ್ತಡ ಸಮನಾಗಿದ್ದರೆ ರಕ್ತ ರಭಸದಿಂದ ನುಗ್ಗುವುದಿಲ್ಲ, ಸದ್ದೂ ಬರುವುದಿಲ್ಲ. ಮಗು ಕೆಂಪಗೆ ಚೆನ್ನಾಗಿಯೇ ಕಾಣುತ್ತದೆ, ಮನೆಗೆ ಹೋಗುತ್ತದೆ.

ಆರೆಂಟು ವಾರ ಕಳೆಯುವಷ್ಟರಲ್ಲಿ ಚಿತ್ರ ಬದಲಾಗುತ್ತದೆ. ಶ್ವಾಸಕೋಶದ ಒತ್ತಡ ಇಳಿದಂತೆ ಎಡಬದಿಯ ರಕ್ತ ರಂಧ್ರದ ಮೂಲಕ ಬಲಕ್ಕೆ ನುಗ್ಗಿ ಶ್ವಾಸಕೋಶ ತುಂಬಿಕೊಳ್ಳುತ್ತದೆ. ತಾಯಿ ಮೊದಲು ಗಮನಿಸುವುದು ಹಾಲೂಡಿಸುವಾಗ. ಮಗು ನಾಲ್ಕು ಗುಟುಕು ಎಳೆದು ನಿಲ್ಲಿಸುತ್ತದೆ, ಉಸಿರಿಗೆ ಏದುತ್ತದೆ, ಮತ್ತೆರಡು ಗುಟುಕು ಎಳೆದು ಸುಸ್ತಾಗಿ ನಿದ್ದೆಹೋಗುತ್ತದೆ. ಹಣೆಯ ಮೇಲೆ, ನೆತ್ತಿಯ ಮೇಲೆ ಬೆವರು ಇರುತ್ತದೆ. ಪಕ್ಕೆಲುಬುಗಳ ನಡುವಿನ ಚರ್ಮ ಉಸಿರಾಟದ ಜೊತೆ ಒಳಕ್ಕೆ ಸೆಳೆಯುತ್ತದೆ. ಒಂದು ತಿಂಗಳಿಂದ ತೂಕ ಅಲ್ಲೇ ನಿಂತಿರುತ್ತದೆ. ಮೃದು ಸ್ನಾಯುಗಳ ಈ ಮಕ್ಕಳಿಗೆ ಚೀಪುವುದು ಮೊದಲೇ ಕಷ್ಟವಾದ್ದರಿಂದ, ಹೃದಯ ಸೋಲುತ್ತಿರುವ ಸೂಚನೆಯನ್ನೂ ‘ಚೀಪಲು ಬರುವುದಿಲ್ಲ’ ಎಂದು ತಳ್ಳಿಹಾಕುವ ಅಪಾಯವಿದೆ.

ಆದ್ದರಿಂದಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಡೌನ್ ಸಿಂಡ್ರೋಮ್‌ನ ಪ್ರತಿಯೊಂದು ನವಜಾತ ಶಿಶುವಿಗೆ ಎಕೋ ಪರೀಕ್ಷೆ ಬೇಕೆನ್ನುತ್ತದೆ. ಸದ್ದು ಕೇಳಲಿ ಬಿಡಲಿ, ಗರ್ಭದಲ್ಲಿದ್ದಾಗ ಮಾಡಿದ ಸ್ಕ್ಯಾನ್ ಸರಿಯಿದ್ದರೂ ಇರದಿದ್ದರೂ ಎಕೋ ಮಾಡಲೇಬೇಕು. ಪುಟ್ಟ ಎದೆಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟರೆ ನಾಲ್ಕು ಕೋಣೆಗಳೂ ಪರದೆಯ ಮೇಲೆ ಮೂಡುತ್ತವೆ. ಸರಿಯಾದ ಹೃದಯದಲ್ಲಿ ನಡುವೆ ಶಿಲುಬೆಯಾಕಾರದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಪೂರ್ಣ ಎವಿಎಸ್‌ಡಿಯಲ್ಲಿ ಆ ಜಾಗ ಖಾಲಿ ಇರುತ್ತದೆ. ಸೂಜಿ ಚುಚ್ಚದೆ, ವಿಕಿರಣವಿಲ್ಲದೆ, ತಾಯಿಯ ಮಡಿಲಲ್ಲಿಯೇ ಮುಗಿಯುವ ಪರೀಕ್ಷೆ ಇದು.

ತಡವಾದರೆ ಏನಾಗುತ್ತದೆ ಎಂಬುದು ಇನ್ನೂ ಗಂಭೀರ. ಹೆಚ್ಚಿನ ಒತ್ತಡದಲ್ಲಿ ರಕ್ತ ಹರಿಯುತ್ತಲೇ ಇದ್ದರೆ ಶ್ವಾಸಕೋಶದ ಸಣ್ಣ ರಕ್ತನಾಳಗಳ ಗೋಡೆ ದಪ್ಪಗಾಗಿ ಬಿರುಸಾಗುತ್ತದೆ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಇದು ಇತರರಿಗಿಂತ ಬೇಗ ಆಗುತ್ತದೆ. ಮೂಗು-ಗಂಟಲಿನ ದಾರಿ ಕಿರಿದಾಗಿದ್ದು ನಿದ್ದೆಯಲ್ಲಿ ಉಸಿರು ಕಟ್ಟುವುದೂ ಅದಕ್ಕೆ ಸೇರಿಕೊಳ್ಳುತ್ತದೆ. ಒಂದು ಹಂತ ದಾಟಿದರೆ ರಕ್ತದ ಹರಿವು ತಿರುಗಿ, ಆಮ್ಲಜನಕವಿಲ್ಲದ ರಕ್ತ ಮೈಗೆ ಸೇರಿ ತುಟಿ-ಉಗುರು ನೀಲಿಯಾಗುತ್ತವೆ. 1897ರಲ್ಲಿ ವಿಕ್ಟರ್ ಐಸೆನ್‌ಮೆಂಗರ್ ವಿವರಿಸಿದ ಈ ಸ್ಥಿತಿ ತಲುಪಿದ ಮೇಲೆ ರಂಧ್ರ ಮುಚ್ಚುವುದೇ ಅಪಾಯ. ವಿಚಿತ್ರವೆಂದರೆ ಆ ಹಾದಿಯಲ್ಲಿ ಮಗು ಕೆಲಕಾಲ ಸುಧಾರಿಸಿದಂತೆಯೂ ಕಾಣುತ್ತದೆ. ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆಯಾಗಿ ಏದುಸಿರು ತಗ್ಗುತ್ತದೆ. ‘ಈಗ ಪರವಾಗಿಲ್ಲ, ಆಪರೇಷನ್ ಆಮೇಲೆ ನೋಡೋಣ’ ಎಂದು ಮನೆಯವರು ನಿಟ್ಟುಸಿರು ಬಿಡುವ ಆ ತಿಂಗಳುಗಳಲ್ಲಿಯೇ ಅವಕಾಶ ಕೈತಪ್ಪುತ್ತಿರುತ್ತದೆ.

ಶಸ್ತ್ರಚಿಕಿತ್ಸೆಯ ದಾರಿ

ಎವಿಎಸ್‌ಡಿಯನ್ನು ಮೊದಲು ಯಶಸ್ವಿಯಾಗಿ ಸರಿಪಡಿಸಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವಾಲ್ಟನ್ ಲಿಲ್ಲೆಹೈ, 1954ರಲ್ಲಿ. ಹೃದಯ-ಶ್ವಾಸಕೋಶ ಯಂತ್ರ ಇನ್ನೂ ವ್ಯಾಪಕ ಬಳಕೆಗೆ ಬಂದಿರದ ಕಾಲ ಅದು. ಪಕ್ಕದ ಮೇಜಿನ ಮೇಲೆ ಮಲಗಿಸಿದ ತಂದೆಯ ಅಥವಾ ತಾಯಿಯ ದೇಹಕ್ಕೆ ಮಗುವಿನ ರಕ್ತನಾಳಗಳನ್ನು ಜೋಡಿಸಿ, ಅವರ ಹೃದಯ-ಶ್ವಾಸಕೋಶಗಳಿಂದಲೇ ಮಗುವಿನ ಜೀವ ಹಿಡಿದಿಟ್ಟು ಅವರು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು.

ಇಂದು ಪೂರ್ಣ ಎವಿಎಸ್‌ಡಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳ ವಯಸ್ಸಿನೊಳಗೆ ಶಸ್ತ್ರಚಿಕಿತ್ಸೆ ನಡೆಯುತ್ತದೆ. ರಂಧ್ರಗಳಿಗೆ ತೇಪೆ ಹೊಲಿದು, ಒಂದಾಗಿದ್ದ ಕವಾಟವನ್ನು ಎರಡಾಗಿ ವಿಂಗಡಿಸಿ, ಎಡಗವಾಟದ ಸೀಳನ್ನು ಹೊಲಿಗೆ ಹಾಕಿ ಕೂಡಿಸುತ್ತಾರೆ. ಹೃದಯದ ವಿದ್ಯುತ್ ಸಂಕೇತ ಸಾಗುವ ಎಳೆ ಈ ದೋಷದಲ್ಲಿ ತನ್ನ ಮಾಮೂಲು ಜಾಗದಿಂದ ಸರಿದಿರುತ್ತದೆ. ಹೊಲಿಗೆ ಅದಕ್ಕೆ ತಗುಲಿದರೆ ಪೇಸ್‌ಮೇಕರ್ ಬೇಕಾಗಬಹುದು. ನುರಿತ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಇಂದು 5 ಶೇಕಡಾಕ್ಕಿಂತ ಕಡಿಮೆ. ಈ ಶಸ್ತ್ರಚಿಕಿತ್ಸೆಯಲ್ಲಿ ಡೌನ್ ಸಿಂಡ್ರೋಮ್ ಮಕ್ಕಳ ಫಲಿತಾಂಶ ಇತರ ಮಕ್ಕಳಷ್ಟೇ ಒಳ್ಳೆಯದಿದೆ. ಎಡಗವಾಟಕ್ಕೆ ಮರುಶಸ್ತ್ರಚಿಕಿತ್ಸೆ ಬೇಕಾಗುವುದು ಅವರಲ್ಲಿ ಕಡಿಮೆ ಎಂದೂ ಹಲವು ಅಧ್ಯಯನಗಳು ಹೇಳುತ್ತವೆ.

ಈ ಸಮಾನತೆ ತಾನಾಗಿ ಬಂದದ್ದಲ್ಲ. ಬುದ್ಧಿಮಾಂದ್ಯವಿರುವ ಮಗುವಿಗೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ಯಾಕೆ ಎಂಬ ಧೋರಣೆ ದಶಕಗಳ ಕಾಲ ಇತ್ತು. ಲಂಡನ್ನಿನ ರಾಯಲ್ ಬ್ರಾಂಪ್ಟನ್ ಆಸ್ಪತ್ರೆಯ ಮಕ್ಕಳ ಹೃದಯ ವಿಭಾಗದ ಬಗ್ಗೆ ನಡೆದ ಸ್ವತಂತ್ರ ವಿಚಾರಣೆ, ಡೌನ್ ಸಿಂಡ್ರೋಮ್ ಮಕ್ಕಳನ್ನು ಅಲ್ಲಿ ಇತರ ಮಕ್ಕಳಂತೆ ನಡೆಸಿಕೊಂಡಿರಲಿಲ್ಲ ಎಂದು 2001ರಲ್ಲಿ ವರದಿ ಕೊಟ್ಟಿತು. ಧೋರಣೆ ಬದಲಾದದ್ದರ ಫಲ ಅಂಕಿಗಳಲ್ಲಿ ಕಾಣುತ್ತದೆ. ಅಮೆರಿಕದಲ್ಲಿ ಡೌನ್ ಸಿಂಡ್ರೋಮ್ ಇದ್ದು ಸತ್ತವರ ಮಧ್ಯಕ ವಯಸ್ಸು 1983ರಲ್ಲಿ 25 ಇದ್ದದ್ದು 1997ಕ್ಕೆ 49ಕ್ಕೆ ಏರಿತು. ಅದರ ಹಿಂದಿರುವ ದೊಡ್ಡ ಕಾರಣಗಳಲ್ಲಿ ಹೃದಯದ ಶಸ್ತ್ರಚಿಕಿತ್ಸೆಯೂ ಒಂದು.

ಥೈರಾಯ್ಡ್: ಮೂರು ಬಗೆಯ ತೊಂದರೆ

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಸ್ರವಿಸುವ ಹಾರ್ಮೋನು ಮಗುವಿನ ಮಿದುಳಿನ ಬೆಳವಣಿಗೆಗೆ ಮೊದಲ ಎರಡು-ಮೂರು ವರ್ಷ ಅತ್ಯಗತ್ಯ. ಅದು ಸಾಲದಾದಾಗ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಥೈರಾಯ್ಡ್‌ಗೆ ಒತ್ತಾಯ ಹೇರುತ್ತದೆ. ಆದ್ದರಿಂದ ರಕ್ತದಲ್ಲಿ ಟಿಎಸ್‌ಎಚ್ ಏರಿ, ಥೈರಾಯ್ಡ್ ಹಾರ್ಮೋನಾದ ಥೈರಾಕ್ಸಿನ್ (ಟಿ4) ಇಳಿದಿದ್ದರೆ ಅದು ಸ್ಪಷ್ಟ ಕೊರತೆ.

ಮೊದಲನೆಯದು ಹುಟ್ಟಿನಿಂದಲೇ ಇರುವ ಕೊರತೆ. ಜಗತ್ತಿನ ಹಲವೆಡೆ ಸಾಮಾನ್ಯ ಶಿಶುಗಳಲ್ಲಿ 2,000ದಿಂದ 4,000ಕ್ಕೆ ಒಬ್ಬರಲ್ಲಿ ಕಾಣುವ ಇದು, ಡೌನ್ ಸಿಂಡ್ರೋಮ್ ಶಿಶುಗಳಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಇರುತ್ತದೆ. ಇವರಲ್ಲಿ ಗ್ರಂಥಿ ಸಾಮಾನ್ಯವಾಗಿ ತನ್ನ ಜಾಗದಲ್ಲಿಯೇ ಇದ್ದರೂ ಗಾತ್ರದಲ್ಲಿ ಚಿಕ್ಕದು. ಕೆನಡಾದ ಕ್ವಿಬೆಕ್‌ನಲ್ಲಿ ಝಾನ್ ದುಸ್ಸೋ 1970ರ ದಶಕದ ಮೊದಲ ವರ್ಷಗಳಲ್ಲಿ ಆರಂಭಿಸಿದ, ಹಿಮ್ಮಡಿಗೆ ಚುಚ್ಚಿ ಕಾಗದದ ಮೇಲೆ ರಕ್ತದ ಹನಿ ಒಣಗಿಸಿ ಥೈರಾಯ್ಡ್ ಪರೀಕ್ಷಿಸುವ ಪದ್ಧತಿ ಈ ಕೊರತೆಯ ಲಕ್ಷಾಂತರ ಮಕ್ಕಳನ್ನು ಕಾಪಾಡಿದೆ. ಹುಟ್ಟಿದ ಮೊದಲ ದಿನ ಟಿಎಸ್‌ಎಚ್ ಸಹಜವಾಗಿಯೇ ಏರಿರುವುದರಿಂದ ರಕ್ತ ತೆಗೆಯಲು 48 ಗಂಟೆಗಳ ನಂತರದ ಸಮಯ ಒಳ್ಳೆಯದು. ಡೌನ್ ಸಿಂಡ್ರೋಮ್ ಶಿಶುಗಳಲ್ಲಿ ಒಂದೇ ಪರೀಕ್ಷೆ ಸಾಲದು. ಹುಷಾರಿಲ್ಲದ ಅಥವಾ ತಿಂಗಳು ತುಂಬದ ಶಿಶುಗಳಲ್ಲಿ ಟಿಎಸ್‌ಎಚ್ ತಡವಾಗಿ ಏರಬಹುದು. ಮೊದಲ ತಿಂಗಳ ಕೊನೆಗೆ ಮತ್ತೊಮ್ಮೆ ನೋಡಬೇಕೆಂದು ಯುರೋಪಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ.

ಎರಡನೆಯದು ಹೆಚ್ಚು ಗೊಂದಲ ಹುಟ್ಟಿಸುವಂಥದ್ದು. ಟಿಎಸ್‌ಎಚ್ ತುಸು ಏರಿದೆ, ಟಿ4 ಸರಿಯಾಗಿಯೇ ಇದೆ. ಅಧ್ಯಯನಗಳ ಪ್ರಕಾರ ಕಾಲುಭಾಗದಿಂದ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಮಕ್ಕಳು ಒಂದಲ್ಲ ಒಂದು ಹಂತದಲ್ಲಿ ಈ ಸ್ಥಿತಿಯಲ್ಲಿರುತ್ತಾರೆ. ಪುಟ್ಟ ಮಕ್ಕಳಲ್ಲಿ ಹಲವರದು ತಾನಾಗಿ ಸರಿಹೋಗುತ್ತದೆ. ಟಿಎಸ್‌ಎಚ್ 10 ದಾಟಿದಾಗ, ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳು ಕಂಡಾಗ, ಗ್ರಂಥಿ ಊದಿಕೊಂಡಾಗ ವೈದ್ಯರು ಮಾತ್ರೆಯತ್ತ ವಾಲುತ್ತಾರೆ. ಅದಕ್ಕೂ ಕಡಿಮೆ ಇದ್ದರೆ ಕೆಲವು ತಿಂಗಳ ಮೇಲೆ ಮತ್ತೆ ರಕ್ತಪರೀಕ್ಷೆ ಮಾಡಿಸುತ್ತಾರೆ.

ಮೂರನೆಯದು ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ಬೀಳುವುದು. ದೇಹ ತನ್ನನ್ನೇ ತಾನು ಶತ್ರುವೆಂದು ಭಾವಿಸದಂತೆ ಕಾಯುವ ಎಐಆರ್‌ಇ ಜೀನ್ ಇರುವುದೂ 21ನೆಯ ವರ್ಣತಂತುವಿನಲ್ಲಿಯೇ. ಹಾಶಿಮೋಟೊ ಬಗೆಯ ಉರಿಯೂತ ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೆಚ್ಚುತ್ತದೆ, ಹುಡುಗ-ಹುಡುಗಿಯರ ನಡುವೆ ಇತರ ಮಕ್ಕಳಲ್ಲಿರುವಷ್ಟು ಅಂತರ ಇಲ್ಲಿಲ್ಲ. ಥೈರಾಯ್ಡ್ ಅತಿಯಾಗಿ ಸ್ರವಿಸುವ ಗ್ರೇವ್ಸ್ ಕಾಯಿಲೆ ಅಪರೂಪವಾದರೂ ಇತರರಿಗಿಂತ ಇವರಲ್ಲಿ ಹೆಚ್ಚು. ಮೈ ಇಳಿಯುವುದು, ಬೆವರು, ಚಡಪಡಿಕೆ, ಎದೆಬಡಿತದ ಓಟ ಅದರ ಸೂಚನೆಗಳು.

ಕೊರತೆಯ ಲಕ್ಷಣಗಳ ಪಟ್ಟಿ ಓದಿದರೆ ಸಮಸ್ಯೆ ಅರ್ಥವಾಗುತ್ತದೆ. ದೊಡ್ಡದಾಗಿ ಕಾಣುವ ನಾಲಿಗೆ, ಮೆತ್ತನೆಯ ಸ್ನಾಯು, ಒಣಗಿದ ಚರ್ಮ, ಮಲಬದ್ಧತೆ, ಗಿಡ್ಡ ನಿಲುವು, ತೂಕ ಹೆಚ್ಚುವುದು, ನಿಧಾನ ಕಲಿಕೆ. ಥೈರಾಯ್ಡ್ ಸರಿಯಿದ್ದ ಡೌನ್ ಸಿಂಡ್ರೋಮ್ ಮಗುವಿನಲ್ಲೂ ಇವು ಇರಬಹುದು. ಕಣ್ಣಳತೆಯಿಂದ ಯಾರೂ ಬೇರ್ಪಡಿಸಲಾರರು, ರಕ್ತಪರೀಕ್ಷೆ ಮಾತ್ರ ಬೇರ್ಪಡಿಸುತ್ತದೆ. ಹಾಗಾಗಿ ಹುಟ್ಟಿದಾಗ, ಸುಮಾರು ಆರನೆಯ ಮತ್ತು ಹನ್ನೆರಡನೆಯ ತಿಂಗಳಿನಲ್ಲಿ, ಆಮೇಲೆ ವರ್ಷಕ್ಕೊಮ್ಮೆ ಜೀವನಪರ್ಯಂತ ಟಿಎಸ್‌ಎಚ್ ನೋಡಬೇಕು.

ಎಲ್ಲರಿಗೂ ಮಾತ್ರೆ ಕೊಟ್ಟರೆ?

ಹತ್ತೊಂಬತ್ತನೆಯ ಶತಮಾನದ ಆಸೆಯನ್ನು ಸರಿಯಾಗಿ ಒರೆಗೆ ಹಚ್ಚಿದ್ದು ಆಮ್ಸ್ಟರ್‌ಡ್ಯಾಮ್‌ನ ವೈದ್ಯರು. 196 ನವಜಾತ ಡೌನ್ ಸಿಂಡ್ರೋಮ್ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ವರ್ಷ ಥೈರಾಕ್ಸಿನ್, ಇನ್ನೊಂದಕ್ಕೆ ಮದ್ದಿಲ್ಲದ ಮಾತ್ರೆ ಕೊಟ್ಟರು. 2005ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ವರ್ಷದ ಹೊತ್ತಿಗೆ ಚಲನೆಯ ಬೆಳವಣಿಗೆಯಲ್ಲೂ ಎತ್ತರ-ತೂಕದಲ್ಲೂ ಸ್ವಲ್ಪ ಲಾಭ ಕಂಡಿತು. ಅದೇ ಮಕ್ಕಳನ್ನು ಹತ್ತು ವರ್ಷ ದಾಟಿದ ಮೇಲೆ ಮತ್ತೆ ಪರೀಕ್ಷಿಸಿದಾಗ ಬುದ್ಧಿಯಲ್ಲಾಗಲಿ ಚಲನೆಯಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಉಳಿದಿರಲಿಲ್ಲ. ಥೈರಾಕ್ಸಿನ್ ಜೊತೆಗೆ ಫೋಲಿನಿಕ್ ಆಮ್ಲ ಕೊಟ್ಟು ನೋಡಿದ ಫ್ರಾನ್ಸಿನ ಪ್ರಯೋಗದಲ್ಲೂ ಲಾಭ ಕಾಣಲಿಲ್ಲ. ಕೊರತೆ ಇರುವ ಮಗುವಿಗೆ ಮಾತ್ರೆ ಅತ್ಯಗತ್ಯ, ಇಲ್ಲದ ಮಗುವಿಗೆ ಅದರಿಂದ ಉಪಯೋಗವಿಲ್ಲ ಎಂಬುದು ಹೀಗೆ ಖಚಿತವಾಯಿತು.

ಹುಟ್ಟಿನ ಕೊರತೆಗೆ ಲೆವೊಥೈರಾಕ್ಸಿನ್ ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮೈಕ್ರೋಗ್ರಾಂ ಪ್ರಮಾಣದಲ್ಲಿ ಶುರುವಾಗುತ್ತದೆ. ಮಾತ್ರೆಯನ್ನು ಎರಡು ಚಮಚಗಳ ನಡುವೆ ಪುಡಿಮಾಡಿ, ಎದೆಹಾಲಿನ ಅಥವಾ ನೀರಿನ ಕೆಲವು ಹನಿಗಳಲ್ಲಿ ಕಲಸಿ, ಆಗಲೇ ಕುಡಿಸಬೇಕು. ಹಾಲಿನ ಬಾಟಲಿಗೆ ಬೆರೆಸಿದರೆ ಮಗು ಪೂರ್ತಿ ಕುಡಿಯದೆ ಮದ್ದು ಅಲ್ಲೇ ಉಳಿಯುತ್ತದೆ. ಕಬ್ಬಿಣದ ಟಾನಿಕ್, ಕ್ಯಾಲ್ಸಿಯಂ, ಸೋಯಾ ಆಹಾರಗಳು ಮದ್ದು ಹೀರಿಕೆಯಾಗುವುದನ್ನು ತಡೆಯುವುದರಿಂದ ಅವುಗಳ ನಡುವೆ ಕೆಲವು ಗಂಟೆಗಳ ಅಂತರ ಬೇಕು.

ಹೃದಯ-ಥೈರಾಯ್ಡ್ ಎರಡೂ ಸೇರಿದಾಗ

ಎರಡು ತೊಂದರೆಗಳೂ ಒಂದೇ ಮಗುವಿನಲ್ಲಿ ಇದ್ದಾಗ ಒಂದರ ಚಿಕಿತ್ಸೆ ಇನ್ನೊಂದನ್ನು ತಟ್ಟುತ್ತದೆ. ತೀವ್ರ ಥೈರಾಯ್ಡ್ ಕೊರತೆ ಎದೆಬಡಿತವನ್ನು ನಿಧಾನಗೊಳಿಸುತ್ತದೆ, ಹೃದಯದ ಹೊರಚೀಲದಲ್ಲಿ ನೀರು ತುಂಬಿಸಬಲ್ಲದು. ಡೌನ್ ಸಿಂಡ್ರೋಮ್ ಮಗುವಿನ ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಂಡರೆ ಹಳೆಯ ರಂಧ್ರವೇ ಕಾರಣವೆಂದು ಭಾವಿಸದೆ ಟಿಎಸ್‌ಎಚ್ ನೋಡಬೇಕಾಗುವುದು ಇದಕ್ಕೇ. ಇನ್ನೊಂದೆಡೆ, ಸೋಲುತ್ತಿರುವ ಹೃದಯಕ್ಕೆ ಥೈರಾಕ್ಸಿನ್ ಒಮ್ಮೆಲೇ ಪೂರ್ತಿ ಪ್ರಮಾಣದಲ್ಲಿ ಕೊಟ್ಟರೆ ಅದರ ಕೆಲಸ ಹೆಚ್ಚಿ ತೊಂದರೆಯಾಗುತ್ತದೆ. ಅಂಥ ಶಿಶುಗಳಿಗೆ ಅರ್ಧ ಪ್ರಮಾಣದಲ್ಲಿ ಆರಂಭಿಸಿ ಟಿ4 ನೋಡುತ್ತ ಏರಿಸುತ್ತಾರೆ.

ಅಯೋಡಿನ್‌ನದು ಇನ್ನೊಂದು ಕಥೆ. ಹೃದಯದ ಕ್ಯಾಥೆಟರ್ ಪರೀಕ್ಷೆ, ಸಿಟಿ ಸ್ಕ್ಯಾನ್‌ಗಳಲ್ಲಿ ರಕ್ತನಾಳ ಕಾಣಿಸಲು ಚುಚ್ಚುವ ದ್ರಾವಣದಲ್ಲಿ ಅಯೋಡಿನ್ ಅಧಿಕ. ಅದರ ಮಿತಿಮೀರಿದ ಹೊರೆ ಪುಟ್ಟ ಮಕ್ಕಳ ಗ್ರಂಥಿಯನ್ನು ಕೆಲಕಾಲ ಸ್ತಬ್ಧಗೊಳಿಸಬಹುದು. ಮೂರು ವರ್ಷದೊಳಗಿನ ಮಕ್ಕಳಿಗೆ ಈ ದ್ರಾವಣ ಕೊಟ್ಟ ಮೇಲೆ ಮೂರು ವಾರದೊಳಗೆ ಥೈರಾಯ್ಡ್ ಪರೀಕ್ಷಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಎದೆಬಡಿತದ ಏರುಪೇರಿಗೆ ಕೊಡುವ ಅಮಿಯೊಡರೋನ್‌ನಲ್ಲೂ ಅಯೋಡಿನ್ ಇದೆ. ಶಸ್ತ್ರಚಿಕಿತ್ಸೆಯ ಬೆನ್ನಿಗೇ ಮಾಡಿದ ಪರೀಕ್ಷೆಯಲ್ಲಿ ಹಾರ್ಮೋನು ಮಟ್ಟ ಇಳಿದಿದ್ದರೆ ಅದು ದೇಹದ ಬಳಲಿಕೆಯ ಗುರುತೂ ಇರಬಹುದು. ಚೇತರಿಸಿಕೊಂಡ ಮೇಲೆ ಮತ್ತೆ ನೋಡಿಯೇ ತೀರ್ಮಾನಿಸಬೇಕು.

ಕರ್ನಾಟಕದಲ್ಲಿ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಮತ್ತು ಜನ್ಮಜಾತ ಹೃದ್ರೋಗ ಎರಡೂ ಇವೆ, ಹುಟ್ಟಿನ ಥೈರಾಯ್ಡ್ ಕೊರತೆಯನ್ನೂ ಅದು ಹೆಸರಿಸುತ್ತದೆ. ಹೆರಿಗೆಯಾದಲ್ಲಿಯೇ ಸಿಬ್ಬಂದಿ, ಮನೆಗಳಲ್ಲಿ ಆಶಾ ಕಾರ್ಯಕರ್ತೆಯರು, ಅಂಗನವಾಡಿ-ಶಾಲೆಗಳಲ್ಲಿ ಸಂಚಾರಿ ತಂಡಗಳು ಮಕ್ಕಳನ್ನು ನೋಡಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು ಎಂಬುದು ಅದರ ಏರ್ಪಾಡು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಬೆಂಗಳೂರು ದೇಶದ ಪ್ರಮುಖ ನಗರಗಳಲ್ಲೊಂದು. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ, ನಾರಾಯಣ ಹೃದಯಾಲಯ, 2001ರಿಂದ ವೈಟ್‌ಫೀಲ್ಡ್‌ನಲ್ಲಿ ಉಚಿತ ಚಿಕಿತ್ಸೆ ಕೊಡುತ್ತಿರುವ ಶ್ರೀ ಸತ್ಯಸಾಯಿ ಆಸ್ಪತ್ರೆ ಇಲ್ಲಿವೆ. ಬೀದರ್ ಅಥವಾ ರಾಯಚೂರಿನ ಹಳ್ಳಿಯಲ್ಲಿ ಹುಟ್ಟಿದ ಮಗು ಆರು ತಿಂಗಳೊಳಗೆ ಈ ಆಸ್ಪತ್ರೆಗಳ ಬಾಗಿಲು ತಲುಪಬೇಕಾದರೆ ಮೊದಲ ವಾರದಲ್ಲಿಯೇ ಯಾರಾದರೂ ಡೌನ್ ಸಿಂಡ್ರೋಮ್ ಗುರುತಿಸಿ ಎಕೋಗೆ ಬರೆದುಕೊಡಬೇಕು. ಟಿಎಸ್‌ಎಚ್ ಪರೀಕ್ಷೆಗಾದರೆ ಅಷ್ಟು ದೂರ ಹೋಗಬೇಕಿಲ್ಲ, ಜಿಲ್ಲಾ ಕೇಂದ್ರದ ಪ್ರಯೋಗಾಲಯ ಸಾಕು.

ಪ್ರಾಯಕ್ಕೆ ಬಂದ ಮೇಲೆ

ಬಾಲ್ಯದಲ್ಲಿ ಹೃದಯ ಸರಿಯಿತ್ತು ಎಂದಮಾತ್ರಕ್ಕೆ ಕಡತ ಮುಚ್ಚುವಂತಿಲ್ಲ. ಹದಿಹರೆಯದ ನಂತರ ಮೈಟ್ರಲ್ ಕವಾಟ ಜೋಲುವುದು, ಮಹಾಪಧಮನಿಯ ಕವಾಟ ಸೋರುವುದು ಇವರಲ್ಲಿ ಹೆಚ್ಚು. ಹೊಸದಾಗಿ ಆಯಾಸ, ಉಬ್ಬಸ ಅಥವಾ ಎದೆಯಲ್ಲಿ ಸದ್ದು ಕಂಡರೆ ಮತ್ತೆ ಎಕೋ ಬೇಕು. ಶಸ್ತ್ರಚಿಕಿತ್ಸೆ ಆದವರಿಗೆ ಕವಾಟದ ಸೋರಿಕೆ ನೋಡಲು ನಿಯಮಿತ ತಪಾಸಣೆ, ಬಾಯಿಯ ಸೋಂಕು ಹೃದಯಕ್ಕೆ ಹರಡದಂತೆ ಹಲ್ಲು-ಒಸಡುಗಳ ಆರೈಕೆ ಬೇಕು. ವಯಸ್ಸಾದಂತೆ ಥೈರಾಯ್ಡ್ ಕೊರತೆ ಹೆಚ್ಚುತ್ತ ಹೋಗುತ್ತದೆ. ಮೂವತ್ತು-ನಲವತ್ತರ ವ್ಯಕ್ತಿ ಮಂಕಾದಾಗ, ಕಲಿತದ್ದನ್ನು ಮರೆಯತೊಡಗಿದಾಗ, ಈ ಸ್ಥಿತಿಯಲ್ಲಿ ಬೇಗ ಬರುವ ಅಲ್‌ಝೈಮರ್ ಎಂದು ತೀರ್ಮಾನಿಸುವ ಮೊದಲು ಟಿಎಸ್‌ಎಚ್ ನೋಡುವುದು ಕಡ್ಡಾಯ. ಕೊರತೆಯಿಂದಾದ ಮಂಕು ಮಾತ್ರೆಯಿಂದ ಸುಧಾರಿಸುತ್ತದೆ. ಮಕ್ಕಳ ವಿಭಾಗ 18ಕ್ಕೆ ಬೀಳ್ಕೊಡುವ ಇವರನ್ನು ಆಮೇಲೆ ಯಾವ ವೈದ್ಯರು ನೋಡಿಕೊಳ್ಳಬೇಕು ಎಂಬುದು ನಮ್ಮ ಬಹುತೇಕ ಆಸ್ಪತ್ರೆಗಳಲ್ಲಿ ಇನ್ನೂ ನಿರ್ಧಾರವಾಗಿಲ್ಲ. ಎಕೋ ವರದಿ, ಶಸ್ತ್ರಚಿಕಿತ್ಸೆಯ ವಿವರ, ವರ್ಷವರ್ಷದ ಟಿಎಸ್‌ಎಚ್ ಅಂಕಿಗಳನ್ನು ಒಂದೇ ಕಡತದಲ್ಲಿ ಜೋಪಾನ ಮಾಡುವ ಹೊಣೆ ಸದ್ಯಕ್ಕೆ ಕುಟುಂಬದ ಮೇಲೆಯೇ ಇದೆ.